ಹುರುಳಿಯ ಬೇರು, ನಾಗಮ್ಮನವರ ಕೈ

ಚಾಮರಾಜನಗರದ ನಮ್ಮ ಮನೆಯ ಕಟ್ಟೆಯ ಮೇಲೆ, ಹಳೆಯ ಬಕೆಟ್ಟಿನಲ್ಲಿ, ನಾಲ್ಕು ಹುರುಳಿ ಗಿಡಗಳಿವೆ. ಮೊನ್ನೆಯವರೆಗೆ ಐದಿದ್ದವು. ಬೇರು ಎಷ್ಟು ಇಳಿದಿದೆ ನೋಡೋಣವೆಂದು ಐದನೆಯದನ್ನು ನಾನೇ ಕಿತ್ತೆ. ನೋಡಿ, ಮತ್ತೆ ನೆಟ್ಟೆ; ಬದುಕಲಿಲ್ಲ. ಬೇರಿನ ವಿಜ್ಞಾನದ ಮೂಲ ಸಂಕಟವೇ ಇದು ಸ್ವಾಮಿ: ಹೂವನ್ನು ನಿಂತು ನೋಡಬಹುದು, ಬೇರನ್ನು ಕೊಂದೇ ನೋಡಬೇಕು. ನನ್ನಂಥ ತಾಳ್ಮೆಗೇಡಿ ಈ ವೃತ್ತಿಗೆ ಬಂದದ್ದು ಹುರುಳಿಯ ದುರದೃಷ್ಟ.

ಬಹಳ ವರ್ಷಗಳ ಹಿಂದಿನ ಮಾತು, ಆಗ ನಾನು ಸಂಶೋಧನಾ ವಿದ್ಯಾರ್ಥಿ. ಹಂಗಳವೆಂಬ ಹಳ್ಳಿಯ ರೈತ ಹೆಂಗಸು ನಾಗಮ್ಮನವರ ಹೊಲದ ಮೂಲೆಯಲ್ಲಿ ಎರಡು ಹುರುಳಿ ಕುಲಗಳಿಗೆ ಸಂಬಂಧ ಬೆಳೆಸುವ ಘನಕಾರ್ಯ ನನ್ನದು. ಒಂದರ ಬೇರು ನೇರ ಪಾತಾಳಕ್ಕೆ, ಇನ್ನೊಂದರದು ಗಿಡ್ಡ. ಮೊಗ್ಗು ಬಿಡಿಸಿ, ಚಿಮುಟದಿಂದ ಕೇಸರ ಕಿತ್ತು, ಪರಕುಲದ ಪರಾಗ ಸವರಿದ್ದೆ. ಮಕ್ಕಳೆಲ್ಲ ಉದ್ದ ಬೇರಿನವಾದವು. ಮೊಮ್ಮಕ್ಕಳಲ್ಲಿ ಗಿಡ್ಡ ಬೇರು ಮರಳಿ ಬರುತ್ತದೆಯೇ? ನನ್ನ ಪದವಿ ಆ ಉತ್ತರಕ್ಕೆ ಜೋತುಬಿದ್ದಿತ್ತು. ಕೂತಲ್ಲಿ ಕೂರಲಾಗದೆ ದಿನಾ ಬಸ್ಸು ಹತ್ತಿ ಹೋಗಿ ಬದುವಿನ ಮೇಲೆ ಅಡ್ಡಾಡುತ್ತಿದ್ದೆ.

“ನೀನಿಂಗೇ ತುಳುದ್ರೆ ಬದಾನೇ ಸವುದೋಯ್ತದ ಕಣಪ್ಪ” ಎನ್ನುತ್ತಿದ್ದರು ನಾಗಮ್ಮ.

ಗಿಡ ಕೀಳಬೇಕಾದ ವಾರ ನನಗೆ ಜ್ವರ. ಎದ್ದು ಹೋಗಿ ನೋಡಿದರೆ ನಾಗಮ್ಮನವರು ಹುರುಳಿಯ ಮೊಮ್ಮಕ್ಕಳನ್ನೆಲ್ಲ ಕಿತ್ತು, ಬೇರು ಕತ್ತರಿಸಿ, ಒಪ್ಪವಾಗಿ ಕಂತೆ ಕಟ್ಟಿಟ್ಟಿದ್ದರು. ಹುರುಳಿಯನ್ನು ಕೊಯ್ಯುವುದಿಲ್ಲ, ಕೀಳುತ್ತಾರೆ. ಕಾಳಿಗೆ ಮಣ್ಣು ಸೇರದಿರಲೆಂದು ಬೇರು ತೆಗೆದೇ ಕಣಕ್ಕೆ ಒಯ್ಯುವುದು ಆ ಮನೆಯ ಮರ್ಯಾದೆ. ಕಾಯಿಲೆಯವನಿಗೆ ಉಪಕಾರವಾಗಲೆಂದು ಮಾಡಿದ್ದರು. ಬೇರುಗಳು, ಅಂದರೆ ನನ್ನ ಪದವಿ, ತಿಪ್ಪೆಗೆ ಸೇರಿದ್ದವು.

ನಾನು ಬದುವಿನ ಮೇಲೆ ಕುಸಿದು ವಿಷಯ ಹೇಳಿದೆ. ನಾಗಮ್ಮನವರು ಒಂದು ದೊಡ್ಡ ರಾಶಿ, ಒಂದು ಚಿಕ್ಕ ರಾಶಿ ತೋರಿಸಿದರು.

“ಆ ದೊಡ್ಡ ರಾಶೀವು ಬಲು ಮೊಂಡು ಕಣಪ್ಪ, ನಾನೇ ಸೊಂಟ ಮುರ್ಕಂಡು ಕಿತ್ತೆ. ಈ ಚಿಕ್ಕವು ನನ್ ಸೊಸೆ ಕಿತ್ತುದ್ದು. ಬಸುರಿ ಅಲ್ವಾ, ಒಂದೊಂದ್ ಗಿಡಾನೂ ಅಲ್ಲಾಡಿಸ್ ನೋಡಿ, ಸಲೀಸಾಗಿ ಬರವ್ನ ಅವಳಿಗ್ ಬುಟ್ಟೆ.”

ಸಲೀಸಾಗಿ ಬಂದವೆಂದರೆ ಗಿಡ್ಡ ಬೇರಿನವೇ ಇರಬೇಕು! ಆದರೆ ಸೊಸೆಯ ಬಸಿರನ್ನು ಅಳತೆಗೋಲೆಂದು ನನ್ನ ಗುರುಗಳು ಒಪ್ಪಲಿಲ್ಲ, ಒಪ್ಪಬಾರದು ಕೂಡ. ಎರಡೂ ರಾಶಿಯ ಕಾಳನ್ನು ಬೇರೆ ಬೇರೆ ಬಿತ್ತಿ, ಇನ್ನೊಂದು ವರ್ಷ ಬಸ್ಸು ಹತ್ತಿದೆ. ಈ ಸಲ ನಾನೇ ಕಿತ್ತು ಅಳೆದೆ. ಚಿಕ್ಕ ರಾಶಿಯ ಕಾಳೆಲ್ಲ ಗಿಡ್ಡ ಬೇರನ್ನೇ ಬಿಟ್ಟಿದ್ದವು; ಅಂದರೆ ಮೊಮ್ಮಕ್ಕಳಲ್ಲಿ ಗಿಡ್ಡ ಬೇರು ಮರಳಿ ಬಂದಿತ್ತು. ಸೊಸೆಗೆಂದು ಆರಿಸುವಾಗ ನಾಗಮ್ಮನವರ ಕೈ ಒಂದು ಗಿಡದಲ್ಲೂ ತಪ್ಪಿರಲಿಲ್ಲ. ಪದವಿ ಪತ್ರದ ಮೇಲೆ ಮಾತ್ರ ನನ್ನ ಹೆಸರಿದೆ.

ಇಂದು ಬೆಳಿಗ್ಗೆ ಮತ್ತೆ ಕೈ ಕಡಿಯಿತು. ಬಕೆಟ್ಟಿನ ಮುಂದೆ ನಾಲ್ಕು ಬಾರಿ ಸುಳಿದಾಡಿ, ಕೊನೆಗೆ ಒಂದು ಗಿಡದ ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಒಳಗಿನಿಂದ ಅದು ಬಿಗಿಯಾಗಿ ಹಿಡಿದುಕೊಂಡಿತು.

ಬಿಟ್ಟುಬಿಟ್ಟೆ. ನಾಲ್ಕೂ ಇವೆ.