ನನಗೆ ಗೊತ್ತಿದ್ದ ಇನ್ನೊಂದು ಬ್ರೌಸರ್

ಅದು 2011ರ ಮಳೆಗಾಲದ ಶುರು. ಔರಂಗಾಬಾದಿನ ಹತ್ತಿರ ವಾಳೂಜ್‌ನ ಒಂದು ಸೈಬರ್ ಕೆಫೆಯಲ್ಲಿ ಕೆಲಸಕ್ಕಿದ್ದೆ. ನಮ್ಮದು ವಿಜಾಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆ. ನಾನು ಊರಲ್ಲೇ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ತಂಗಿ ಮಾದೇವಿ ಮಾತ್ರ ಇಲ್ಲಿನ ಮರಾಠಿ ಶಾಲೆಯಲ್ಲಿ ಹನ್ನೆರಡನೆಯವರೆಗೆ ಓದಿದ್ದಳು.

ಆ ದಿನ ಸರ್ಕಾರಿ ನರ್ಸಿಂಗ್ ಅರ್ಜಿಗೆ ಕಡೆಯ ದಿನ, ಸಂಜೆ ಐದರವರೆಗೆ ಮಾತ್ರ. ಬೆಳಿಗ್ಗೆ ಒಬ್ಬ ಹುಡುಗಿ ಅದೇ ಅರ್ಜಿ ತುಂಬಲು ಬಂದಾಗ ಪರದೆ ತುಂಬ ಕೆಂಪು ಎಚ್ಚರಿಕೆ ಬಂತು. ನಮ್ಮ ಕಡೆಯವರೇ ಆದ ಮಾಲೀಕರು ನೋಡಿ, "ಸೈಟು ಖರೇನೇ ಐತ್ರಿ. ಯಾರ ಸರ್ಟಿಫಿಕೇಟ್ ನಂಬಬೇಕು ಅಂತ ಒಂದೊಂದು ಬ್ರೌಸರಿನ್ಯಾಗ ಒಂದೊಂದು ಪಟ್ಟಿ ಇರ್ತೈತಿ. ಈ ಸರ್ಕಾರಿ ಸೈಟಿಗೆ ಜಾಮೀನು ನಿಂತವರ ಹೆಸರು ಇದರ ಪಟ್ಟಿಯಾಗ ಇಲ್ಲ. ಆ ಹಳೇ ಬ್ರೌಸರಿನ್ಯಾಗ ಐತಿ, ಅದರಾಗ ತೆರೀರಿ" ಎಂದರು. ತೆರೆದೆ. ಅರ್ಜಿ ಹೋಯಿತು.

ನಾಲ್ಕು ಗಂಟೆಗೆ ಮಾದೇವಿ ಅದೇ ಅರ್ಜಿ ತುಂಬಲು ಓಡಿ ಬಂದಳು. ಅವಳ ಜಾತಿ ಪ್ರಮಾಣಪತ್ರ ಕೈಗೆ ಸಿಕ್ಕಿದ್ದೇ ಅಂದು ಮಧ್ಯಾಹ್ನ. ಮತ್ತೆ ಅದೇ ಕೆಂಪು ಪರದೆ.

"ಈಚೆ ಸರಿ ಅಕ್ಕಾ, ಇಂಗ್ಲಿಷ್ ನಿನಗ ತಿಳಿಯಂಗಿಲ್ಲ, ನಾ ಓದ್ತೀನಿ" ಎಂದಳು.

ಪಕ್ಕದ ಗಿರಾಕಿ ನಕ್ಕ. "ಕಾಯ್ ತಾಈ, ಏನಕ್ಕಾ, ಈಗ ತಂಗಿ ಕಲಿಸ್ತಾಳಾ?"

ನನ್ನ ಮೈ ಉರಿಯಿತು. "ಇದು ಖೊಟ್ಟಿ ಸೈಟು. ಕಂಪ್ಯೂಟರೇ ಹೇಳಾಕತ್ತೈತಿ. ಏಳು!" ಎಂದು ಮುಚ್ಚಿಬಿಟ್ಟೆ.

"ನಮ್ಮ ಸಾಲಿ ಮೇಡಮ್ಮೇ ಈ ಸೈಟಿನ ಹೆಸರು ಬರದು ಕೊಟ್ಟಾರಕ್ಕಾ..." ಎಂದಳು. ನಾನು ತಿರುಗಿ ನೋಡಲಿಲ್ಲ. ಹಳೆಯ ಬ್ರೌಸರ್ ಅದೇ ಪರದೆಯ ಮೂಲೆಯಲ್ಲಿತ್ತು.

ಅವಳು ಬೇರೆ ಅಂಗಡಿಗೆ ಓಡಿದಳು. ಅಲ್ಲಿ ಸರದಿ ಇತ್ತು. ತೋಯ್ದು ಮನೆಗೆ ಬಂದವಳು, "ಅಲ್ಲಿ ತೆರೀತಕ್ಕ, ಖರೇನೇ ಇತ್ತು. ಐದಾಗಿ ಹೋಗಿತ್ತು" ಎಂದಳು. ತಲೆ ಒರೆಸಿಕೊಳ್ಳುತ್ತಾ, "ಪಾಪ, ನಿನಗರೆ ಹೆಂಗ ಗೊತ್ತಾಗಬೇಕು" ಎಂದಳು. ನಾನು ಹೂಂ ಎಂದೆ.

ಆ ವರ್ಷವೇ ಅಪ್ಪ ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡರು. ಮಾದೇವಿ ಬಿಡಿಭಾಗದ ಕಾರ್ಖಾನೆಗೆ ಗುತ್ತಿಗೆ ಕೂಲಿಗೆ ಸೇರಿದಳು. ಪ್ರೆಸ್ ಯಂತ್ರ ಅವಳ ಬಲಗೈಯ ಎರಡು ಬೆರಳು ತಿಂದಿತು. ಈಗಲೂ ಏನಾದರೂ ಅರ್ಜಿ ಬಂದರೆ ಮೊಬೈಲನ್ನು ನನ್ನ ಕೈಗೇ ಕೊಡುತ್ತಾಳೆ. "ನೀನೇ ನೋಡಕ್ಕಾ, ನಿನಗ ತಿಳೀತೈತಿ."

ಒಂದು ಸಲವೂ ಅವಳ ಮುಂದೆ ಬಾಯಿ ಬಿಡಲು ಆಗಿಲ್ಲ. ಇಲ್ಲಿ ಬರೆದಿದ್ದೇನೆ. ಮಾದೇವಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದಿದ್ದೇನೆ.