ವೈನಿ ಯಾಕೆ ಸುಮ್ಮನಿದ್ದಳು?

ಯಾರಾದರೂ ಸುಮ್ಮನಿದ್ದರೆ ಅವರ ಹೊಟ್ಟೆಯಲ್ಲಿ ಏನಿದೆ ಎಂದು ಹುಡುಕುವ ಚಟ ನನಗಿದೆ. ಬೇಳೆಯಲ್ಲಿ ಹರಳು ಆರಿಸುತ್ತ ಕುಳಿತರಂತೂ ಊರಿನ ಅರ್ಧ ಜನರ ಮನಸ್ಸನ್ನು ಆರಿಸಿ ಮುಗಿಸಿರುತ್ತೇನೆ. ಹರಳು ಮಾತ್ರ ಆಮೇಲೆ ಸಾರಿನಲ್ಲಿ ಸಿಗುತ್ತದೆ.

ಈ ಚಟ ಹತ್ತಿಸಿದ್ದು ನಾಟಕ. ತೆಲಸಂಗದ ಬದಿಯ ನಮ್ಮೂರಲ್ಲಿ ವರ್ಷಕ್ಕೊಮ್ಮೆ ಅದೇ ಒಂದು ನಾಟಕ ಆಡುತ್ತಾರೆ, ಅಜ್ಜಂದಿರ ಕಾಲದ್ದು. ದೇಸಾಯಿಯೊಬ್ಬ ಚಾಡಿಮಾತು ಕೇಳಿ, ತಮ್ಮನೇ ತನ್ನನ್ನು ಕೊಲ್ಲಲು ಹೊಂಚುತ್ತಿದ್ದಾನೆಂದು ನಂಬುತ್ತಾನೆ. ಅದು ಸುಳ್ಳೆಂದು ಬಲ್ಲವಳು ದೇಸಾಯಿಯ ಹೆಂಡತಿ ಒಬ್ಬಳೇ. ತಮ್ಮ ಅತ್ತಿಗೆಯನ್ನು ವೈನಿ ಎನ್ನುತ್ತಾನೆ, ಹಾಗಾಗಿ ಊರಿಗೆಲ್ಲ ಅವಳು ವೈನಿ. ತುಂಬಿದ ಸಭೆಯಲ್ಲಿ ದೇಸಾಯಿ ‘ನಿನಗೇನು ಗೊತ್ತು, ಹೇಳು’ ಎಂದು ಗುಡುಗುತ್ತಾನೆ. ವೈನಿ ಸುಮ್ಮನೆ ನಿಲ್ಲುತ್ತಾಳೆ. ತಮ್ಮನ ತಲೆ ಹೋಗುತ್ತದೆ. ನಿಜ ತಿಳಿದ ಅಣ್ಣ ಅದೇ ಕತ್ತಿಗೆ ಎದೆಯೊಡ್ಡುತ್ತಾನೆ. ನಾವು ಅತ್ತು, ಚಾಪೆ ಸುತ್ತಿಕೊಂಡು ಮನೆಗೆ ಬರುತ್ತೇವೆ.

ವೈನಿ ಯಾಕೆ ಸುಮ್ಮನಿದ್ದಳು? ಊರಿನ ಮುದುಕಿಯರ ಪ್ರಕಾರ ಗಾದಿ ತನ್ನ ಮಗನಿಗೇ ಸಿಗಲೆಂದು. ನಿವೃತ್ತ ಮಾಸ್ತರರ ಪ್ರಕಾರ ಅದು ಪಾತಿವ್ರತ್ಯ ಮತ್ತು ಸತ್ಯಗಳ ಘರ್ಷಣೆ. ವಿವರಿಸಲು ಅವರಿಗೆ ಎರಡು ಕಪ್ ಚಹಾ ಬೇಕು. ನನ್ನ ತೀರ್ಪು ಚಿಕ್ಕದು: “ಬಾಯಿದ್ದಾಕಿ ಸುಮ್ಮಿದ್ಲಂದ್ರ ಹೊಟ್ಯಾಗ ಏನರ ಇರತೈತಿ.”

ಈ ಮಾತನ್ನು ಈ ವರ್ಷ ರೊಟ್ಟಿ ಬಡಿಯುವಾಗ ಸುಶೀಲಾಗೆ ಹೇಳಿದೆ. ಸುಶೀಲಾ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಎರಡು ಮನೆ, ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಕಿಂಡಿ. ಹೆಪ್ಪು, ಬೆಂಕಿಪೊಟ್ಟಣ, ಬೀಗರ ಮೇಲಿನ ದೂರು ಎಲ್ಲ ಆ ಕಿಂಡಿಯಲ್ಲೇ ಓಡಾಡುತ್ತವೆ. ಮರುದಿನದಿಂದ ಕಿಂಡಿಯಲ್ಲಿ ಬರಿಯ ಕೈ ಬರತೊಡಗಿತು. ಬಟ್ಟಲು ಬರುತ್ತದೆ, ಮಾತಿಲ್ಲ. ಕೇಳಿದರೆ ‘ಹೂಂ’. ಎದುರು ಸಿಕ್ಕರೆ ಸೆರಗು ಬಾಯಿಗೆ.

ಇನ್ನೇನು, ನಾನು ಆರಿಸಲು ಕುಳಿತೆ. ಬಾವಿಯ ನೀರಿನ ಪಾಳಿಯ ಮಾತು ಬಂದಾಗಲೂ ಇವಳು ಸುಮ್ಮನಿದ್ದಳಲ್ಲ. ನಾನು ವೈನಿಗೆ ಅಂದದ್ದನ್ನು ತನಗೇ ಅಂದೆನೆಂದು ತಿಳಿದಳೆ? ಅಥವಾ ನನ್ನ ತಂಗಿಗೆ ಕೊಟ್ಟ ಸೀರೆ ಕಣ್ಣಿಗೆ ಬಿತ್ತೆ? ಕಾರಣಗಳು ದಿನಕ್ಕೊಂದರಂತೆ ಮರಿ ಹಾಕಿದವು. ಶಾವಿಗೆ ಹೊಸೆಯುವ ದಿನಗಳು ಬಂದವು. ಶಾವಿಗೆಯನ್ನು ಯಾರೂ ಒಬ್ಬರೇ ಹೊಸೆಯುವುದಿಲ್ಲ. ಹೊಸೆಯಲು ಕೈ ಸಾಲದು ಎನ್ನುವುದಕ್ಕಿಂತ ಬಾಯಿ ಸಾಲದು. ನೆನೆಸಿದ ರವೆಯ ಮುಂದೆ ಒಬ್ಬಳೇ ಕುಳಿತು ಕಿಂಡಿಯ ಕಡೆಗೇ ನೋಡಿದೆ. ಈ ಊರಿಗೆ ಸೊಸೆಯಾಗಿ ಬಂದಮೇಲೆ ನನಗೆಂದು ಇದ್ದದ್ದು ಅವಳೊಬ್ಬಳ ಮಾತು.

ನಾಟಕದ ದಿನ ಬಂತು. ನಮ್ಮ ಗಂಡಸರು ಗಂಡು ಪಾತ್ರ ಮಾಡುತ್ತಾರೆ. ವೈನಿಯ ಪಾತ್ರಕ್ಕೆ ನಟಿ ಗದಗಿನ ಕಡೆಯಿಂದ ಬರುತ್ತಾಳೆ. ಆಳೆತ್ತರದ ಕನ್ನಡಿ ನಮ್ಮನೆಯಲ್ಲಿರುವುದರಿಂದ ಬಣ್ಣ ಇಲ್ಲೇ. ಸೀರೆ ಉಡಿಸುವುದು ಸುಶೀಲಾಳ ಕೆಲಸ, ಹಾಗಾಗಿ ಅವಳೂ ಬಂದಳು, ಸೆರಗು ಬಾಯಿಗೇ. ಒಂದು ಕೋಣೆ, ಮೂವರು ಹೆಂಗಸರು, ಮಾತಿಲ್ಲ. ತಡೆಯಲಾರದೆ ನಟಿಯನ್ನೇ ಕೇಳಿದೆ: “ಅಲ್ಲವಾ, ವೈನಿ ಯಾಕ ಸುಮ್ಮ ನಿಲ್ಲತಾಳ?”

“ಯಾರು ಸುಮ್ಮ ನಿಲ್ಲತಾರ್ರೀ ಅಕ್ಕಾರ?” ನಟಿ ಕಾಡಿಗೆಯ ಬೆರಳನ್ನು ಹಾಗೇ ಹಿಡಿದಳು. “‘ನನ್ನ ಮೈದುನ ನಿರ್ದೋಷಿ’ ಅಂತ ಮಾರುದ್ದ ಮಾತೈತಿ, ವರ್ಸಾ ವರ್ಸಾ ಹೇಳೀನಿ. ನಿಮ್ಮೂರಾಗ ಅದಽ ಹೊತ್ತಿಗೆ ಆಹೇರಿ ಕೂಗತಾರ. ನನ್ನ ದನಿ ಎಲ್ಲಿ ಕೇಳಬೇಕ್ರಿ?”

ಆಹೇರಿ ಎಂದರೆ ಆಟದ ನಡುವೆಯೇ ಪಾತ್ರಧಾರಿಗೆ ಬೀಗರು, ಗೆಳೆಯರು ಕೊಡುವ ಟವೆಲು, ಉಂಗುರ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಲೇಬೇಕು. ತಮ್ಮನ ಪಾತ್ರ ನಮ್ಮೂರವನದೇ. ತಲೆ ಹೋದವನಿಗೆ ಟವೆಲು ಹೊದಿಸಲಾಗುವುದಿಲ್ಲ. ಹಾಗಾಗಿ ವೈನಿ ಬಾಯಿ ತೆರೆಯುವ ಹೊತ್ತಿಗೇ ಇಡೀ ಬಳಗ ವೇದಿಕೆ ಹತ್ತುತ್ತದೆ. ಗಾದಿ, ಪಾತಿವ್ರತ್ಯ, ಹೊಟ್ಟೆಕಿಚ್ಚು ಎಲ್ಲವನ್ನೂ ನಾವು ಆ ಗದ್ದಲದಲ್ಲಿ ಕಂಡುಕೊಂಡಿದ್ದೆವು.

ಸುಶೀಲಾಗೆ ನಗು ತಡೆಯಲಾಗಲಿಲ್ಲ. ಸೆರಗು ಜಾರಿತು. ಹಲ್ಲೆಲ್ಲ ಕರ್ರಗೆ.

“ಮತ್ತ ಮಿಶ್ರಿ ತಿಕ್ಕಾಕತ್ತಿ ಏನಬೇ?” ಎಂದೆ. ಮಿಶ್ರಿ ಅಂದರೆ ಹುರಿದ ತಂಬಾಕಿನ ಪುಡಿ. ಅಥಣಿಯ ದವಾಖಾನೆಯಲ್ಲಿ ವಸಡು ತೋರಿಸಿ ಬೈಸಿಕೊಂಡು, ಇನ್ನು ಮುಟ್ಟುವುದಿಲ್ಲವೆಂದು ಅವಳು ಆಣೆ ಮಾಡಿದ್ದಳು. ತಲೆ ನನ್ನದು.

“ಬಿಟ್ಟಿದ್ನೆಕ್ಕಾ. ಚಟ ಬಿಡವಲ್ದು. ಬಾಯಿ ತಗದ್ರ ನಿಮಗ ವಾಸನಿ ಬಡಿತೈತಂತ ಸುಮ್ಮಿದ್ನಿ.”

“ನನ್ನ ಮ್ಯಾಲ ಸಿಟ್ಟಂತ ತಿಳದಿದ್ನಲ್ಲ!”

“ನಿಮ್ಮ ಮ್ಯಾಲ ಸಿಟ್ಟಾಗಿ ಮತ್ಯಾರ ಕೂಡ ಮಾತಾಡ್ಲಿ?”

ಬೈಯಬೇಕಿತ್ತು, ಎದೆ ಎಷ್ಟು ಹಗುರಾಯಿತೆಂದರೆ ಬೈಗುಳ ನೆನಪಾಗಲಿಲ್ಲ. ಬಾಯಿ ತೊಳೆಯಲು ನೀರು ಕೊಟ್ಟೆ. ನಾಳೆ ಇಬ್ಬರೂ ಅಥಣಿಗೆ ಹೋಗುವುದೆಂದು ಮಾತಾಯಿತು.

ಆಹೇರಿಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿರೆಂದು ಮೈಕಿನವನಿಗೆ ಹೇಳಿ ನೋಡಿದೆವು. ಅವನು ನಮ್ಮನ್ನು, ದೀಪ ಆರಿಸಿ ನಾಟಕ ನೋಡಿರೆಂದು ಹೇಳಿದವರಂತೆ ನೋಡಿದ. ಸಭೆಯ ದೃಶ್ಯ ಬಂತು, ಬಳಗ ವೇದಿಕೆ ಹತ್ತಿತು, ಮೈಕು ಹೆಸರು ಕೂಗತೊಡಗಿತು. ಟವೆಲುಗಳ ಸಂದಿಯಲ್ಲಿ ವೈನಿಯ ತುಟಿ ಅಲ್ಲಾಡಿದ್ದನ್ನು ನಾವಿಬ್ಬರೂ ಕಂಡೆವು.

ಹಿಂದೆ ಕುಳಿತವಳೊಬ್ಬಳು ನಿಟ್ಟುಸಿರಿಟ್ಟಳು: “ಹೊಟ್ಯಾಗ ವಿಷ ಐತಿ, ಅದಕ್ಕ ಸುಮ್ಮ ನಿಂತಾಳ ನೋಡ್ರಿ.”

ಸುಶೀಲಾ ಸರಕ್ಕನೆ ತಿರುಗಿದಳು. “ಯಾರ್ ಹೇಳಿದ್ರು ನಿನಗ?” ಎಂದು ಶುರುಮಾಡಿದವಳು, ಇಷ್ಟು ದಿನ ಕೂಡಿಟ್ಟ ಮಾತನ್ನೆಲ್ಲ ಅವಳ ಮೇಲೇ ಸುರಿದಳು. ಆ ಮಾತು ಕೇಳುತ್ತ ನಾನು ಚಾಪೆಯ ಮೇಲೆ ಹಾಯಾಗಿ ಕಾಲು ಚಾಚಿದೆ. ಈ ವರ್ಷ ತಮ್ಮನ ತಲೆ ಹೋದದ್ದು ಯಾವಾಗಲೋ, ನಾನಂತೂ ನೋಡಲಿಲ್ಲ.