ಬೀಗರನ್ನು ಕೋಟೆಯಿಂದ ಇಳಿಸಿದ್ದು

ಭವ್ಯ ಸ್ಮಾರಕಗಳು ಮನುಷ್ಯನನ್ನು ಎತ್ತರಕ್ಕೆ ಏರಿಸುತ್ತವೆ ಎಂಬ ಮಾತಿನಲ್ಲಿ ನನಗೆ ಅಚಲವಾದ ವಿಶ್ವಾಸವಿದೆ. ನಿವೃತ್ತನಾಗುವವರೆಗೂ ಕಾಲೇಜಿನಲ್ಲಿ ಇತಿಹಾಸ ಬೋಧಿಸಿ, ಆ ವಿಶ್ವಾಸದ ಮೇಲೆಯೇ ಸಂಸಾರ ಸಾಕಿದವನು ನಾನು. ಏರಿದವರನ್ನು ಇಳಿಸುವ ಹೊಣೆ ಯಾರದೆಂಬುದನ್ನು ಮಾತ್ರ ಯಾವ ಪಠ್ಯಪುಸ್ತಕವೂ ನನಗೆ ತಿಳಿಸಿರಲಿಲ್ಲ.

ಕೊಪ್ಪಳದ ಕೋಟೆ ನಮ್ಮ ಮನೆಯ ಮಾಳಿಗೆಯಿಂದ ಚೆನ್ನಾಗಿ ಕಾಣುತ್ತದೆ. ಅದರ ದೌರ್ಭಾಗ್ಯವೂ ಅದೇ. ಕೂತಲ್ಲಿಂದ ಕಾಣುವುದನ್ನು ಎದ್ದು ಹೋಗಿ ನೋಡುವಷ್ಟು ಅವಿವೇಕ ನಮ್ಮ ಊರಿನವರಿಗಿಲ್ಲ. ಆನೆಯಷ್ಟು, ಮನೆಯಷ್ಟು ದೊಡ್ಡ ಬಂಡೆಗಳನ್ನು ನಿಸರ್ಗವೇ ಮೊದಲು ಪೇರಿಸಿಟ್ಟಿತು; ಪಾಳೆಯಗಾರರು ಸಂದುಗಳಲ್ಲಿ ಗೋಡೆ ಎಬ್ಬಿಸಿದರು; ಮೈಸೂರಿನ ಸುಲ್ತಾನ ಫ್ರೆಂಚ್ ಇಂಜಿನಿಯರರನ್ನು ಕರೆಸಿ ಅದನ್ನು ದುರ್ಭೇದ್ಯಗೊಳಿಸಿದ; ಆಮೇಲೆ ಇಂಗ್ಲಿಷರೂ ನಿಜಾಮನ ದಂಡೂ ಒಟ್ಟಾಗಿ ಬಂದು ತಿಂಗಳುಗಟ್ಟಲೆ ಕೆಳಗೆ ಕೂತು ಮೇಲೆ ನೋಡಿದರು. ಇದನ್ನೆಲ್ಲ ಒಂದು ಸ್ಮರಣ ಸಂಚಿಕೆಗೆ ಬರೆದುಕೊಟ್ಟಂದಿನಿಂದ ನಾನು ಕೋಟೆಯ ಅಧಿಕೃತ ಪಂಡಿತ. ಪಂಡಿತರು ಎರಡನೆಯ ಬಾಗಿಲಿನಿಂದಾಚೆ ಎಂದೂ ಹೋದವರಲ್ಲ ಎಂಬ ಸಂಗತಿ ನನ್ನ ಮೊಣಕಾಲುಗಳಿಗೆ ಮಾತ್ರ ಗೊತ್ತಿತ್ತು.

ನನ್ನ ತಂಗಿಯ ಮಗಳು ಗಿರಿಜಾ ಗಿಣಿಗೇರಾದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರ್. ಹೆಲ್ಮೆಟ್ ಧರಿಸಿ ಕಬ್ಬಿಣದ ಏಣಿಗಳನ್ನು ಹತ್ತಿಳಿಯುವುದು ಆಕೆಯ ನಿತ್ಯಕರ್ಮ. ಆಕೆಗೆ ನೋಡಿದ ಹುಡುಗ ಕೊಪ್ಪಳದಲ್ಲೇ ಬ್ಯಾಂಕ್ ನೌಕರ. ಅವನ ತಂದೆ ಶಿವಪ್ಪನವರಿಗೆ ಕುಷ್ಟಗಿಯಲ್ಲಿ ಬಟ್ಟೆ ಅಂಗಡಿ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ತೊಡಕು ಒಂದೇ: ಶಿವಪ್ಪನವರಿಗೆ ಏಣಿ ಹತ್ತುವ ಸೊಸೆ ಬೇಡ, ಗಿರಿಜಾಳಿಗೆ ಏಣಿ ಬಿಡಿಸುವ ಲಗ್ನ ಬೇಡ. ಮಾತುಕತೆಗೆ ಅವರು ಬರುವ ದಿನ ತಂಗಿ ನನಗೆ ಕಟ್ಟಪ್ಪಣೆ ವಿಧಿಸಿದಳು: "ಅಣ್ಣಾ, ನೀ ನೌಕರಿ ಮಾತು ತಗೀಬ್ಯಾಡ. ಇತಿಹಾಸದ್ದೂ ತಗೀಬ್ಯಾಡ."

ಮೊದಲನೆಯದನ್ನು ಪಾಲಿಸಿದೆ.

ಅತಿಥಿಯನ್ನು ಕಂಠಪೂರ್ತಿ ತುಂಬಿಸುವುದು ನಮ್ಮ ಭಾಗದ ಧರ್ಮ. ಶೇಂಗಾ ಹೋಳಿಗೆಯ ಮೇಲೆ ತುಪ್ಪ, ತುಪ್ಪದ ಮೇಲೆ ಮತ್ತೊಂದು ಹೋಳಿಗೆ ಎಂಬ ಕ್ರಮದಲ್ಲಿ ಊಟ ಮುಗಿದು, ಶಿವಪ್ಪನವರು ಗಂಟಲು ಸರಿಪಡಿಸಿಕೊಂಡು "ಇನ್ನ ನೌಕರಿ ವಿಷಯ..." ಎನ್ನುವಷ್ಟರಲ್ಲಿ, ಅನಾಹುತ ತಪ್ಪಿಸುವ ಉದಾತ್ತ ಉದ್ದೇಶದಿಂದ ನಾನು "ಬರ್ರಿ ಬೀಗರ, ಕೋಟಿ ನೋಡಿ ಬರೂಣು" ಎಂದು ಎದ್ದುಬಿಟ್ಟೆ. ತಂಗಿ ಹಣೆ ಒತ್ತಿಕೊಂಡಳು. ಶಿವಪ್ಪನವರೂ ಹುಡುಗನೂ ಗಿರಿಜಾಳೂ ನನ್ನ ಹಿಂದೆ ಹೊರಟರು.

ಕೋಟೆಯ ಬುಡದಲ್ಲಿ ಮಿರ್ಚಿ ಭಜಿ ಅಂಗಡಿಯ ಖಾಜಾಸಾಬ ನಮ್ಮ ಮೆರವಣಿಗೆಯನ್ನು ನೋಡಿ, "ಸರ, ಬೀಗರನ್ನ ಹತ್ತಸಾಕ ಹೊಂಟೀರೇನ್ರಿ? ಮೊದಲ ಸಂಬಂಧ ಪಕ್ಕಾ ಮಾಡಿಕೋರಿ, ಆಮ್ಯಾಲೆ ಹತ್ತಸ್ರಿ" ಎಂದ. ವಿದ್ವಾಂಸರು ಭಜಿ ಅಂಗಡಿಯವರ ಸಲಹೆ ಕೇಳುವ ಪದ್ಧತಿಯಿಲ್ಲ.

ಮೊದಲ ಬಾಗಿಲಿನಲ್ಲಿ ಪಾಳೆಯಗಾರರನ್ನು ವಿವರಿಸಿದೆ. ಎರಡನೆಯದರಲ್ಲಿ ಸುಲ್ತಾನನನ್ನು ಅರ್ಧಕ್ಕೇ ಬಿಟ್ಟೆ. ಮೂರನೆಯದರಲ್ಲಿ ಇತಿಹಾಸವೇ ನಿಂತು, ಉಸಿರೊಂದೇ ಮುಂದುವರಿಯಿತು. ಮೆಟ್ಟಿಲುಗಳು ಎಂದೋ ಮುಗಿದಿದ್ದವು. ಬಂಡೆಯಿಂದ ಬಂಡೆಗೆ ಗಿರಿಜಾಳ ಕೈ ಹಿಡಿದು ನಾವು ಮೂವರು ಗಂಡಸರು ತುದಿ ಮುಟ್ಟಿದಾಗ ಆಕೆಯ ಹಣೆಯಲ್ಲಿ ಬೆವರಿರಲಿಲ್ಲ.

ನೀರು ಕುಡಿದು ಸುಧಾರಿಸಿಕೊಂಡ ಶಿವಪ್ಪನವರು, ಅಷ್ಟು ಎತ್ತರಕ್ಕೆ ತಕ್ಕ ಗಾಂಭೀರ್ಯದಿಂದ, "ಸಂಬಂಧ ಛಲೋ ಐತ್ರಿ. ಆದರ ಹುಡುಗಿ ಆ ಕೆಲಸ ಬಿಡಬೇಕು" ಎಂದರು.

ಗಿರಿಜಾ ದೂರಕ್ಕೆ ಕೈ ತೋರಿಸಿದಳು. "ಕಾಕಾರ, ಅಲ್ಲಿ ಹೊಗಿ ಕಾಣತೈತಲ್ರಿ, ಅದ ನಮ್ಮ ಫ್ಯಾಕ್ಟರಿ. ಅದನ್ನ ಬಿಡಂಗಿಲ್ರಿ ನಾ."

"ಅಪ್ಪಾ..." ಎಂದ ಹುಡುಗ. ಶಿವಪ್ಪನವರು ಕೇಳಲಿಲ್ಲ.

"ಹಂಗಾದ್ರ ನಾವಿನ್ನ ಬರತೀವ್ರಿ," ಎಂದು ರುಮಾಲು ಕೊಡವಿ ಹೊರಟರು. ಎರಡು ಹೆಜ್ಜೆ ಇಟ್ಟು, ಕೆಳಗೆ ನೋಡಿ, ನಿಂತರು. ಸಂಬಂಧ ಮುರಿದು ಎದ್ದುಹೋಗುವುದಕ್ಕೂ ಸಮತಟ್ಟಾದ ನೆಲ ಬೇಕು, ಓದುಗರೇ. ಮನೆಯ ಪಡಸಾಲೆಯಲ್ಲಾಗಿದ್ದರೆ ಚಪ್ಪಲಿ ಮೆಟ್ಟಿ ನಡೆಯಬಹುದಿತ್ತು. ಇಲ್ಲಿ ಅವರು ಸ್ವಲ್ಪ ಹೊತ್ತು ಆಕಾಶ ವೀಕ್ಷಿಸಿ, ಬಂಡೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತರು. ಶತ್ರುವಿನ ದಂಡಿಗೆ ಏರಲು ಬಿಡದಿದ್ದ ಕೋಟೆ ಈಗ ಬೀಗರನ್ನು ಇಳಿಯಲು ಬಿಡಲಿಲ್ಲ.

ಗಿರಿಜಾ ಅವರಿಗಿಂತ ಒಂದು ಬಂಡೆ ಕೆಳಗಿಳಿದು ನಿಂತಳು. "ಕಾಕಾರ, ಬೆನ್ನು ನನ್ನ ಕಡೆ, ಮಾರಿ ಕಲ್ಲಿನ ಕಡೆ ಮಾಡ್ರಿ. ಎರಡು ಕೈ, ಎರಡು ಕಾಲು, ಅದರಾಗ ಮೂರು ಯಾವಾಗ್ಲೂ ಕಲ್ಲಿಗೆ ಹತ್ತಿರಬೇಕ್ರಿ. ಈಗ ಎಡಗಾಲು... ಇನ್ನಷ್ಟು ಕೆಳಗ... ಹಾಂ."

ಕಲ್ಲಿನೊಡನೆ ಮಾತಾಡುವವರಂತೆ ಶಿವಪ್ಪನವರು ಕೇಳಿದರು: "ಎಲ್ಲಿ ಕಲತಿಯವಾ ಇದನ್ನ?"

"ನೌಕರ್ಯಾಗ್ರಿ."

ಎರಡು ಬಂಡೆ ಇಳಿದರು. ಆಮೇಲೆ, "ಅಲ್ಲಿ ಇದಕ್ಕಿಂತ ಎತ್ತರ ಅದಾವೇನು?"

"ಅದಾವ್ರಿ. ಆದರ ಅಲ್ಲಿ ಹಿಡಕೊಳ್ಳಾಕ ಕಂಬಿ ಇರತಾವ್ರಿ. ಬಲಗಾಲು ತಗೀರಿ."

ಅವರಾದ ಮೇಲೆ ಭಾವೀ ವರ, ಬೂಟುಗಳನ್ನು ಕೊರಳಿಗೆ ತೂಗುಹಾಕಿಕೊಂಡು. ಕೊನೆಗೆ "ಮಾಮಾ, ನೀವೂ ಮಾರಿ ಆ ಕಡೆ ಮಾಡ್ರಿ" ಎಂಬ ಆಜ್ಞೆ ನನಗೂ ಬಂತು. ಪಂಡಿತರು ಹಲ್ಲಿಯ ಭಂಗಿಯಲ್ಲಿ ಇಳಿದರು. ಮೂಗು ಗೋಡೆಗೆ ತಾಗುವಂತಿದ್ದುದರಿಂದ ಕಲ್ಲಿನ ಮೇಲಿನ ಉಳಿಯ ಗುರುತುಗಳೂ, ಕಲ್ಲಿಗೆ ಕಲ್ಲು ಕೂಡಿಸಿದ ಸಂದುಗಳೂ ಕಂಡವು. ಸುಲ್ತಾನನನ್ನೂ ಫ್ರೆಂಚರನ್ನೂ ಬರೆದಿದ್ದ ನಾನು, ಇಷ್ಟು ಎತ್ತರದಲ್ಲಿ ನಿಂತು ಈ ಕಲ್ಲು ಕೆತ್ತಿದವನು ಸಂಜೆ ಹೇಗೆ ಇಳಿದು ಮನೆಗೆ ಹೋಗುತ್ತಿದ್ದನೆಂದು ಯೋಚಿಸಿದ್ದು ಅದೇ ಮೊದಲು. ಅವನಿಗೂ ಯಾರೋ ಎಡಗಾಲು, ಬಲಗಾಲು ಎಂದು ಹೇಳಿರಬೇಕು.

ಬುಡ ಮುಟ್ಟಿದಾಗ ಖಾಜಾಸಾಬ ಕೇಳದೆಯೇ ಲಿಂಬು ಸೋಡಾ ತಂದಿಟ್ಟ. ಶಿವಪ್ಪನವರು ಗ್ಲಾಸು ಬರಿದು ಮಾಡಿ, ಕೋಟೆಯ ಕಡೆ ಒಮ್ಮೆ ನೋಡಿ, ನನಗೆಂದರು: "ಸರ, ನೌಕರಿ ಇರಲಿ ಬಿಡ್ರಿ. ಮನ್ಯಾಗ ಒಬ್ಬರಿಗರೆ ಇಳಿಯೂದು ಗೊತ್ತಿರಬೇಕು."

ಸ್ಮಾರಕಗಳು ಮನುಷ್ಯನನ್ನು ಎತ್ತರಕ್ಕೆ ಏರಿಸುತ್ತವೆ ಎಂದು ನಾನು ಈಗಲೂ ಹೇಳುತ್ತೇನೆ, ಮಾಳಿಗೆಯ ಮೇಲೆ ನಿಂತು. ಲಗ್ನ ಬೇಸಿಗೆಯಲ್ಲಿ ಆಯಿತು. ಗಿರಿಜಾ ದಿನಾಲೂ ಗಿಣಿಗೇರಾಕ್ಕೆ ಕೆಲಸಕ್ಕೆ ಹೋಗುತ್ತಾಳೆ.